ಅರಿಶಿನ-ಕುಂಕುಮದ ದಿನ ಮಂದಾಕಿನಿ ಹೇಳಿದ ಮಾತು

ಬೆಳಿಗ್ಗೆ ಹನ್ನೊಂದು ಗಂಟೆ. ನಾಸಿಕ ರೋಡ್‌ನ ಬಾಡಿಗೆ ಮನೆಯಲ್ಲಿ ಮಂದಾಕಿನಿ ತನ್ನ ಮೊಬೈಲನ್ನು ಅಕ್ಕಿ ಡಬ್ಬಿಯೊಳಗೆ ಹೂತು ಮುಚ್ಚಳ ಹಾಕಿದಳು.

ಹೊರಗೆ ಗುಣವತಿ ಬಂದು ಕೂತಿದ್ದರು. ಉಡುಪಿ ಕಡೆಯವರು, ಛತ್ರಪತಿ ಸಂಭಾಜಿನಗರದಲ್ಲಿ ಗಂಡ ಕಿಟ್ಟಣ್ಣನ ಜೊತೆ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಮಂದಾಕಿನಿಯ ಗಂಡ ಯಶವಂತ ಕೇಂದ್ರ ಸರ್ಕಾರದ ನೌಕರ. ನಾಸಿಕಕ್ಕೆ ಬದಲಿಯಾಗುವ ಮೊದಲು ಅವನು ಸಂಭಾಜಿನಗರದಲ್ಲೇ ಇದ್ದದ್ದರಿಂದ ಎರಡು ಮನೆಗಳಿಗೂ ಒಳ್ಳೆಯ ಬಳಕೆ. ತ್ರ್ಯಂಬಕೇಶ್ವರದಲ್ಲಿ ಪೂಜೆ ಮುಗಿಸಿ ಹೊರಟ ಗುಣವತಿ ಊಟಕ್ಕೆಂದು ಇಲ್ಲಿ ಇಳಿದಿದ್ದರು.

ಚಹಾದ ಕಪ್ಪು ಕೈಗೆ ಬರುವಷ್ಟರಲ್ಲಿ ಅಡುಗೆಮನೆಯಿಂದ ಸಣ್ಣಗೆ ಹಾಡು ಕೇಳಿಸಿತು.

"ಮಂದಾ, ನಿಮ್ಮ ಅಡುಗೆಮನೆ ಎಂತ ಹಾಡ್ತಾ ಉಂಟಲ್ಲ?"

"ಬಾಜೂ ಮನಿ ಮಿಕ್ಸರ್ ಇರಬೇಕ್ರಿ ಗುಣಕ್ಕ."

"ಮಿಕ್ಸರಿಗೆ ಹಾಡು ಬರ್ತದಾ ಮಾರಾಯ್ತಿ?"

ಇಬ್ಬರೂ ನಕ್ಕರು. ಹಾಡು ನಿಂತು ಮತ್ತೆ ಶುರುವಾಯಿತು. ಮೂರನೇ ಸಲ ಶುರುವಾದಾಗ ಮಂದಾಕಿನಿ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ವಸೂಲಿಯವ್ರ ಫೋನ್ರಿ" ಎಂದಳು. "ಆ್ಯಪ್‌ದಾಗ ಹದಿನೆಂಟು ಸಾವಿರ ತೊಗೊಂಡಿದ್ವಿ. ಇವತ್ತ ಕಟ್ಟಲಿಲ್ಲಂದ್ರ ವಿಜಯಪುರದಾಗ ನಮ್ಮ ತಮ್ಮಗ ಫೋನ್ ಮಾಡಿ ಮರ್ಯಾದಿ ಕಳೀತೀನಿ ಅಂತಾನ."

ಆ್ಯಪ್ ಸಾಲ ಒಂದೇ ಆಗಿರಲಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಒಂದು ಲಕ್ಷ ನಲವತ್ತು ಸಾವಿರ ಬಾಕಿ ನಿಂತಿತ್ತು.

ಹಾಗೆಂದು ಈ ಮನೆಯವರು ಜೂಜಾಡಿದವರಲ್ಲ, ಕುಡಿದವರೂ ಅಲ್ಲ. ಅವರು ಮಾಡಿದ್ದು ಬದಲಿಯಾಗುತ್ತಲೇ ಇರುವ ನೌಕರರ ಮನೆಯ ತಪ್ಪು. ಹೊಸ ಊರಿಗೆ ಬಂದಾಗ ಹೊಸ ಮನೆಗೆ ತಕ್ಕ ಪರದೆ, ಸೋಫಾ, ಗೀಸರ್ ಎಲ್ಲವೂ ಕಾರ್ಡಿನ ಮೇಲೆ ಬರುತ್ತಿದ್ದವು. "ಮುಂದಿನ ಬದಲಿ ಭತ್ಯೆ ಬಂದಾಗ ತೀರಿಸಿದ್ರಾತು" ಎಂದು ಯಶವಂತ ಹೇಳುತ್ತಿದ್ದ. ಭತ್ಯೆ ಬರುತ್ತಿತ್ತು, ಬಂದದ್ದು ಲಾರಿ ಬಾಡಿಗೆಗೂ ಹೊಸ ಮನೆಯ ಮುಂಗಡಕ್ಕೂ ಹೋಗುತ್ತಿತ್ತು. ಸಂಭಾಜಿನಗರದ ಸಾಲ ನಾಸಿಕಕ್ಕೆ ಹಾಗೆಯೇ ಬಂದಿಳಿದಿತ್ತು.

ಅಂದು ಶನಿವಾರ. ಕಚೇರಿಗೆ ರಜೆಯಿದ್ದ ಯಶವಂತ ಪೇಟೆಯಿಂದ ಬಂದವನು ಹೆಂಡತಿಯ ಮುಖ ನೋಡಿದ, ಅತಿಥಿಯ ಮುಖ ನೋಡಿದ. ಸಂಗತಿ ಹೊರಬಿದ್ದಿದೆ ಎಂದು ತಿಳಿಯಿತು.

"ಹೇಳಿಬಿಟ್ಟಿ ಏನ? ಇನ್ನ ಕನ್ನಡ ಸಂಘಕ್ಕೆಲ್ಲಾ ಗೊತ್ತಾಗ್ತದ."

"ಸಂಘಕ್ಕೆ ಹೇಳ್ಲಿಕ್ಕೆ ನನಗೇನು ಸಂಬಳ ಕೊಡ್ತಾರಾ?" ಎಂದರು ಗುಣವತಿ. "ಕೂತ್ಕೊಳ್ಳಿ ಯಶವಂತಣ್ಣ. ಕಾರ್ಡಿಗೆ ತಿಂಗಳಿಗೆ ಎಷ್ಟು ಕಟ್ತೀರಿ?"

"ಮಿನಿಮಮ್ ಏಳು ಸಾವಿರ. ಒಂದ ತಿಂಗಳೂ ತಪ್ಪಿಸಿಲ್ರಿ."

"ಅದ್ರಲ್ಲಿ ಬಡ್ಡಿ ಎಷ್ಟು?"

ಯಶವಂತ ಲೆಕ್ಕದ ವಿಭಾಗದಲ್ಲೇ ಕೆಲಸ ಮಾಡುವವನು. ತಿಂಗಳಿಗೆ ಶೇಕಡಾ ಮೂರೂವರೆ ಎಂದು ಬಾಯಲ್ಲೇ ಗುಣಿಸಿದ: ಬಡ್ಡಿ ನಾಲ್ಕು ಸಾವಿರದ ಒಂಬೈನೂರು, ಅದರ ಮೇಲೆ ತೆರಿಗೆ. ಕಟ್ಟಿದ ಏಳು ಸಾವಿರದಲ್ಲಿ ಅಸಲಿಗೆ ಹೋಗುವುದು ಸಾವಿರದ ಇನ್ನೂರರಷ್ಟು. ಅದೇ ತಿಂಗಳು ಅದೇ ಕಾರ್ಡಿನಲ್ಲಿ ಅದಕ್ಕಿಂತ ಹೆಚ್ಚಿನ ಸಾಮಾನು ಬರುತ್ತಿತ್ತು.

"ಮುಂದಿನ ಬದಲಿ..." ಎಂದು ಶುರುಮಾಡಿದವನನ್ನು ಮಗಳು ಸಮೀಕ್ಷಾ ತಡೆದಳು. ಅವಳು ಹನ್ನೊಂದನೇ ತರಗತಿಯಲ್ಲಿದ್ದಳು, ಮಾತಿನಲ್ಲಿ ಮರಾಠಿ ಬೆರೆಯುತ್ತಿತ್ತು.

"ಪಪ್ಪಾ, ನನ್ನ ಫಾರ್ಮಸಿ ಅಡ್ಮಿಶನ್ ಹನ್ನೆರಡನೇದರ ನಂತರ. ಫೀ ಕೂಡ ಕಾರ್ಡ್ ಮೇಲೇನೇ ಕಾ?"

ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದೆ ಇದ್ದ ಪ್ರಶ್ನೆ ಅದು. ಇನ್ನು ಒಂದೂವರೆ ವರ್ಷ. ಅಷ್ಟರಲ್ಲಿ ಹಳೆಯ ಸಾಲ ತೀರದಿದ್ದರೆ ಮಗಳ ಓದು ಹೊಸ ಸಾಲದಿಂದಲೇ ಶುರುವಾಗಬೇಕಿತ್ತು.

ಗುಣವತಿ ತಮ್ಮದನ್ನು ಹೇಳಿದರು. ಕೊರೊನಾ ಕಾಲದಲ್ಲಿ ಹೋಟೆಲು ಮುಚ್ಚಿ, ಬಾಡಿಗೆ ಬಾಕಿ ಬೆಳೆದು ಸಾಲವಾಗಿ, ಕಿಟ್ಟಣ್ಣ ಯಾರ ಹತ್ತಿರವೂ ಮಾತಾಡದ ಹಾಗೆ ಆಗಿದ್ದರಂತೆ. "ಕಡೆಗೆ ಇನ್ನೊಂದು ಹೋಟೆಲಿನವರ ಹತ್ತಿರ ಬಾಯಿಬಿಟ್ಟರು. ನೋಡಿದ್ರೆ ಅವರದ್ದೂ ಅದೇ ಕಥೆ! ಆಮೇಲೆ ವಾರಕ್ಕೊಮ್ಮೆ ಕೂತು, ಈ ವಾರ ಎಷ್ಟು ಕಟ್ಟಿದೆ ಅಂತ ಒಬ್ಬರಿಗೊಬ್ಬರು ಹೇಳ್ಕೊಂಡರು. ಸಾಲ ಕಟ್ಟಿದ್ದು ನಾವೇ. ಕಟ್ಟುವ ಧೈರ್ಯ ಕೊಟ್ಟದ್ದು ಅವರು."

ಅಷ್ಟರಲ್ಲಿ ಫೋನು ಮತ್ತೆ ಬಂತು. "ತೆಗೀರಿ, ಹೆದರ್ಬೇಡಿ" ಎಂದರು ಗುಣವತಿ. "ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ ಅವರು ಫೋನ್ ಮಾಡುವ ಹಾಗಿಲ್ಲ. ಬೈಯುವ ಹಾಗಿಲ್ಲ, ನೆಂಟರಿಗೆ ಹೇಳ್ತೇನೆ ಅಂತ ಬೆದರಿಸುವ ಹಾಗೂ ಇಲ್ಲ. ಅದು ರಿಸರ್ವ್ ಬ್ಯಾಂಕಿನ ನಿಯಮ."

ಮಂದಾಕಿನಿ ಫೋನು ತೆಗೆದಳು. ಹಿಂದಿಯಲ್ಲಿ, ಹಣ ಎರಡು ಕಂತಿನಲ್ಲಿ ಬರುತ್ತದೆ, ತಮ್ಮನಿಗೆ ಫೋನು ಹೋದರೆ ದೂರು ಹೋಗುತ್ತದೆ ಎಂದಳು. ಆ ಕಡೆಯವನ ಏಕವಚನ ಬಹುವಚನವಾಯಿತು. ಫೋನಿಟ್ಟ ಮಂದಾಕಿನಿ ಒಂದು ಲೋಟ ನೀರನ್ನು ಒಂದೇ ಉಸಿರಿಗೆ ಕುಡಿದಳು.

ಮುಂದಿನ ಸೋಮವಾರ ಯಶವಂತ ಕಾರ್ಡಿನ ಬ್ಯಾಂಕಿಗೆ ಹೋದ. ಬಾಕಿಯನ್ನು ಕಡಿಮೆ ಬಡ್ಡಿಯ ಹದಿನೆಂಟು ಕಂತುಗಳಾಗಿ ಮಾಡಿಸಿಕೊಂಡ. ತಿಂಗಳ ಕಂತು ಒಂಬತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಕಾರ್ಡಿನ ಬಳಕೆಯನ್ನು ಅಂದೇ ನಿಲ್ಲಿಸಿದ. ಆ್ಯಪ್ ಸಾಲ ಚಿಕ್ಕದು, ಬಡ್ಡಿಯೂ ಅದಕ್ಕೇ ಹೆಚ್ಚು. ಹಾಗಾಗಿ ಅದನ್ನೇ ಮೊದಲು ಮುಗಿಸಲು ಹೊರಟರು.

ಸಂಕ್ರಾಂತಿ ಬಂತು. ಮಹಾರಾಷ್ಟ್ರದಲ್ಲಿ ಆ ದಿನಗಳಲ್ಲಿ ಅರಿಶಿನ-ಕುಂಕುಮಕ್ಕೆ ಕರೆದ ಮುತ್ತೈದೆಯರಿಗೆ ಎಳ್ಳುಂಡೆಯ ಜೊತೆ ಒಂದು ಉಡುಗೊರೆ ಕೊಡುತ್ತಾರೆ. ಅದಕ್ಕೆ ವಾಣ ಎನ್ನುವುದು. ಹಿಂದಿನ ವರ್ಷ ಮಂದಾಕಿನಿ ನಲವತ್ತು ಜನಕ್ಕೆ ಸ್ಟೀಲಿನ ಡಬ್ಬಿ ಕೊಟ್ಟಿದ್ದಳು, ಕಾರ್ಡಿನ ಮೇಲೆ.

ಈ ಸಲ ತಟ್ಟೆಯಲ್ಲಿ ಎಳ್ಳುಂಡೆ ಮಾತ್ರ ಇತ್ತು. ಮಹಡಿಯ ಮೇಲಿನ ಮನೆಯ ರಂಜನಿ ಸುತ್ತ ನೋಡಿ, "ಮಂದಾಕಿನಿಯವ್ರ, ವಾಣ ಇನ್ನೂ ಅಂಗಡಿಯಿಂದ ಬರಬೇಕೇನ್ರಿ?" ಎಂದು ನಕ್ಕಳು.

ಮನೆಯಲ್ಲಿ ಹನ್ನೆರಡು ಹೆಂಗಸರಿದ್ದರು. ತಲೆನೋವು, ಊರಿಗೆ ಹೋಗಿದ್ದೆ, ಮರೆತೆ ಎಂದು ಎಷ್ಟು ನೆವ ಬೇಕಾದರೂ ಇದ್ದವು. ಮಂದಾಕಿನಿ ಕುಂಕುಮದ ಬಟ್ಟಲನ್ನು ಕೆಳಗಿಟ್ಟಳು.

"ಇಲ್ರಿ. ಈ ವರ್ಷ ವಾಣ ಇಲ್ಲ. ನಮ್ಮ ಮನಿ ಮ್ಯಾಲ ಸಾಲ ಅದ. ಅದನ್ನ ತೀರಸಾಕತ್ತೀವಿ. ತೀರೂತನಕಾ ನಮ್ಮಲ್ಲಿ ಎಳ್ಳುಂಡೀನ. ಅದು ಮಾತ್ರ ಎಷ್ಟ ಬೇಕಾದ್ರೂ ತಿನ್ರಿ."

ಮೊದಲು ಬಾಯಿಬಿಟ್ಟವಳು ಎದುರು ಮನೆಯ ಶಬಾನಾ, ಕಲಬುರಗಿಯವಳು. ಗಂಡನಿಗೆ ಮನ್ಮಾಡ್‌ನಲ್ಲಿ ರೈಲ್ವೆ ಕೆಲಸ. ಕುಂಕುಮಕ್ಕಲ್ಲದಿದ್ದರೂ ಪ್ರತಿವರ್ಷ ಎಳ್ಳುಂಡೆಗೆ ಬರುತ್ತಿದ್ದಳು.

"ಹಾಂಗಾದ್ರ ನಂದೂ ಕೇಳ್ರಿ. ನನ್ನ ಬಂಗಾರದ ಬಳಿ ಎರಡೂ ಗಿರವಿ ಅವ. ಇವು ಹಾಕ್ಕೊಂಡಿದ್ದು ಪ್ಲಾಸ್ಟಿಕ್ ಬಳಿ."

ಯಾರೋ ನಕ್ಕರು, ಯಾರೋ "ನಮ್ದೂ ಅದ" ಎಂದರು. ಮತ್ತೊಬ್ಬಳು ಅದನ್ನೇ ಮರಾಠಿಯಲ್ಲಿ "ಆಮ್ಚಂ ಪಣ" ಎಂದಳು. ಕತ್ತಲಾಗುವ ಮೊದಲು ಐದು ಮನೆಯವರು ಒಂದು ಮಾತಿಗೆ ಬಂದರು: ತಿಂಗಳ ಮೊದಲ ಭಾನುವಾರ ಕೂಡುವುದು, ಯಾರೂ ಯಾರಿಗೂ ಸಾಲ ಕೊಡಬಾರದು, ಇಲ್ಲಿನ ಮಾತು ಹೊರಗೆ ಹೋಗಬಾರದು, ಕಂತು ಕಟ್ಟಿದವರಿಗೆ ಚಪ್ಪಾಳೆ. ಚಪ್ಪಾಳೆಯ ಮಾತು ಸಮೀಕ್ಷಾಳದ್ದು. ಯಶವಂತನಿಗೆ ಅದು ಹುಡುಗಾಟ ಎನ್ನಿಸಿತು. ಎರಡನೇ ಸಲ ಕೂಡಿದಾಗ ಆ್ಯಪ್ ಸಾಲ ತೀರಿತೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ ಅವನ ಕಿವಿ ಕೆಂಪಾದವು. ಮೂರನೇ ಸಲ ಎಲ್ಲರಿಗಿಂತ ಮೊದಲು ಹೋಗಿ ಚಾಪೆ ಹಾಸಿದ.

ಎಲ್ಲ ತಿಂಗಳೂ ಒಂದೇ ರೀತಿ ಹೋಗಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಫ್ರಿಜ್ ಕೆಟ್ಟಿತು. ಯಶವಂತನ ಬೆರಳು ಮತ್ತೆ ಆ್ಯಪ್ ಹುಡುಕಿತು. "ಐದ ನಿಮಿಷದಾಗ ರೊಕ್ಕ ಬರ್ತದ."

"ಸಾಲ ಹೋಗೋದಕ್ಕ ಎಷ್ಟ ವರ್ಷ ಹಿಡೀತದ ಅದನ್ನೂ ಹೇಳ್ರಿ" ಎಂದ ಮಂದಾಕಿನಿ ಶಬಾನಾಳ ಬಾಗಿಲು ಬಡಿದಳು. ಗುಜರಾತಿಗೆ ಬದಲಿಯಾಗಿ ಹೊರಟಿದ್ದ ಕುಟುಂಬವೊಂದು ಹಳೆಯ ಫ್ರಿಜ್ ಬಿಟ್ಟು ಹೋಗುತ್ತಿತ್ತು. ಎರಡು ಸಾವಿರಕ್ಕೆ ಅದು ಮನೆಗೆ ಬಂತು. ಹೊತ್ತು ತಂದವರಲ್ಲಿ ರಂಜನಿಯ ಗಂಡನೂ ಇದ್ದ. ಮರುತಿಂಗಳಿಂದ ರಂಜನಿಯೂ ಚಾಪೆಯ ಮೇಲೆ ಕೂತಳು.

ಗುಣವತಿ ಪ್ರತಿ ಬುಧವಾರ ಸಂಭಾಜಿನಗರದಿಂದ ಫೋನು ಮಾಡುತ್ತಿದ್ದರು. ಮಂದಾಕಿನಿಯ ಶೇಂಗಾ ಚಟ್ನಿಪುಡಿ ಹೋಟೆಲಿಗೆ ಬೇಕೆಂದರು. "ಉಪಕಾರಕ್ಕೆ ತಗೊಳ್ತೇನೆ ಅಂತ ತಿಳ್ಕೊಬೇಡ. ಖಾರ ಜಾಸ್ತಿಯಾದ್ರೆ ವಾಪಸ್ ಕಳಿಸ್ತೇನೆ." ಪುಡಿ ವಾಪಸ್ ಬರಲಿಲ್ಲ. ಬಸ್ಸಿನಲ್ಲಿ ವಾರಕ್ಕೆ ಐದು ಕಿಲೋ ಹೋಗತೊಡಗಿತು. ಆ ಹಣ ಸಮೀಕ್ಷಾಳ ಹೆಸರಿನ ಉಳಿತಾಯ ಖಾತೆಗೆ ಬಿತ್ತು.

ಮರುವರ್ಷದ ಜೂನ್ ತಿಂಗಳ ಭಾನುವಾರ ಯಶವಂತ ನಿಂತುಕೊಂಡು, "ಹದಿನೆಂಟನೇದೂ ಹೋತ್ರಿ. ಬ್ಯಾಂಕಿಂದ ಬಾಕಿ ಇಲ್ಲ ಅಂತ ಪತ್ರಾನೂ ತೊಗೊಂಡೆ" ಎಂದ. ಚಪ್ಪಾಳೆ ಎಷ್ಟು ಜೋರಾಗಿತ್ತೆಂದರೆ ಕೆಳಗಿನ ಮನೆಯವರು ಯಾರದೋ ಲಗ್ನ ನಿಶ್ಚಯವಾಯಿತೇನೋ ಎಂದು ಕೇಳಲು ಬಂದರು. "ಲಗ್ನಕ್ಕಿಂತ ದೊಡ್ಡದ್ರೀ!" ಎಂದು ಶಬಾನಾ ಅವರ ಬಾಯಿಗೂ ಪೇಢೆ ಹಾಕಿದಳು. ಅವಳ ಕೈಯಲ್ಲಿ ಒಂದು ಬಂಗಾರದ ಬಳೆ ಆಗಲೇ ಮರಳಿ ಬಂದಿತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸಾಲವಿದ್ದರೆ ಇವತ್ತು ನಂಬಿಕೆಯ ಒಬ್ಬರಿಗೆ ಹೇಳಿ. ಮನೆಮಂದಿ ಒಟ್ಟಿಗೆ ಕೂತು ಪ್ರತಿ ಸಾಲದ ಬಡ್ಡಿ ಎಷ್ಟೆಂದು ನೋಡಿ. ಒಂದು ಸಾಲ ತೀರಿಸಲು ಆ್ಯಪ್‌ನಲ್ಲಿ ಇನ್ನೊಂದು ಸಾಲ ಮಾಡಬೇಡಿ. ಕಟ್ಟಲು ಕಷ್ಟವಾದರೆ ಬ್ಯಾಂಕಿನವರು ಹುಡುಕಿಕೊಂಡು ಬರುವ ಮೊದಲು ನೀವೇ ಹೋಗಿ ಕೇಳಿ. ವಸೂಲಿಯವರು ಬೆದರಿಸಿದರೆ ಸಾಲ ಕೊಟ್ಟ ಸಂಸ್ಥೆಗೆ ಬರವಣಿಗೆಯಲ್ಲಿ ದೂರು ಕೊಡಿ. ಮೂವತ್ತು ದಿನದೊಳಗೆ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿಗೆ ದೂರು ಕೊಡಬಹುದು. ಮಾಹಿತಿಗೆ 14448. ಮನಸ್ಸು ತೀರ ಕುಗ್ಗಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ, ಅದಕ್ಕೆ ಹಣ ಕೊಡಬೇಕಿಲ್ಲ.

ಆ ವರ್ಷ ಸಮೀಕ್ಷಾ ಫಾರ್ಮಸಿ ಕಾಲೇಜಿಗೆ ಸೇರಿದಳು. ಮೊದಲ ವರ್ಷದ ಶುಲ್ಕವನ್ನು ಉಳಿತಾಯ ಖಾತೆಯಿಂದ ಕಟ್ಟಿದರು.