ಪಕ್ಕದ ಮಂಚದ ದನಿ

ತಾಳಗುಂದದ ಹೂವಮ್ಮ ನರ್ಮದಮ್ಮನ ಜೊತೆ ತಿಂಗಳುಗಟ್ಟಲೆ ಮಾತಾಡಿದ್ದಳು. ಆದರೆ ಆಕೆಯ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಇಬ್ಬರಿಗೂ ಬೆನ್ನುಮೂಳೆಯ ಕ್ಷಯ ಹಿಡಿದಿತ್ತು. ದೂರದ ಊರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇಬ್ಬರಿಗೂ ಆಪರೇಷನ್ ಆಯಿತು. ಕಾಲಿನ ಎಲುಬಿನಿಂದ ಒಂದು ಚೂರು ತೆಗೆದು ಸವೆದ ಬೆನ್ನೆಲುಬಿಗೆ ಆನಿಸಿದ್ದರು. ಅದು ಅಲ್ಲೇ ಬೇರುಬಿಟ್ಟು ಒಂದಾಗಲಿ ಎಂದು ಅವರನ್ನು ಪ್ಲಾಸ್ಟರಿನಲ್ಲಿ ಮಾಡಿದ ತೊಟ್ಟಿಲಿನಂಥ ಹಾಸಿಗೆಯಲ್ಲಿ ಅಂಗಾತ ಮಲಗಿಸಿದ್ದರು. ತಲೆ ಹೊರಳದಂತೆ ಎರಡೂ ಬದಿಗೆ ಮರಳಿನ ಚೀಲ. ಕಣ್ಣಿಗೆ ಸಿಗುತ್ತಿದ್ದುದು ಸೂರೊಂದೇ. ಕಿಟಕಿಯ ಕೆಳಗೆ ನೀರಿನ ತೊಟ್ಟಿಯೊಂದು ಇತ್ತಂತೆ; ಬಿಸಿಲೇರಿದಾಗ ಅದರ ಬೆಳಕು ಸೂರಿನ ಮೇಲೆ ಮೀನಿನ ಮರಿಗಳ ಹಾಗೆ ಓಡಾಡುತ್ತಿತ್ತು. ಅದನ್ನು ನೋಡುತ್ತ ಹೂವಮ್ಮನಿಗೆ ತಾನು ಕೆರೆಯ ತಳದಲ್ಲಿ ಮಲಗಿದ್ದೇನೆ ಅನ್ನಿಸುತ್ತಿತ್ತು.

ಸುತ್ತ ಎಲ್ಲ ಬೇರೆ ಬೇರೆ ಭಾಷೆ. ಒಂದು ಮಧ್ಯಾಹ್ನ ನೋವು ತಡೆಯಲಾರದೆ ಅವಳು "ಯವ್ವಾ, ಸಾಕಾತು" ಅಂದಾಗ ಪಕ್ಕದ ಮಂಚದಿಂದ ಒಂದು ದನಿ ಕೇಳಿತು.

"ಯಾವೂರೇ ನಿಂದು?"

"ತಾಳಗುಂದ ರೀ. ಶಿಕಾರಿಪುರದ ತಾಲ್ಲೂಕು."

"ಅಯ್ಯೋ ಮಾರಾಯ್ತಿ! ನಂದು ಸೊರಬ."

ಅಂದಿನಿಂದ ಮಾತೇ ಮಾತು. ಒಬ್ಬಳು ರೈತರ ಮನೆಯ ಸೊಸೆ, ಇನ್ನೊಬ್ಬಳು ಸೊರಬದ ವಕೀಲ ಹರಿಹರನ ಹೆಂಡತಿ. ಊರಿನಲ್ಲಾಗಿದ್ದರೆ ಒಬ್ಬರನ್ನೊಬ್ಬರು ದಾಟಿ ಹೋಗುತ್ತಿದ್ದರೋ ಏನೋ. ಇಲ್ಲಿ ಒಂದೇ ಸೂರು ನೋಡುತ್ತ ಮಲಗಿದವರಿಗೆ ಮೇಲುಕೀಳೆಂಬುದೇ ಇರಲಿಲ್ಲ. ನರ್ಮದಮ್ಮನ ದನಿ ತುಂಬು ದನಿ, ತಾಮ್ರದ ಹಂಡೆಯೊಳಗಿಂದ ಬಂದಂತೆ. ಅದನ್ನು ಕೇಳಿ ಕೇಳಿ ಹೂವಮ್ಮ ಮನಸ್ಸಿನಲ್ಲೇ ಒಬ್ಬ ಎತ್ತರದ, ಮೈಕೈ ತುಂಬಿದ ಹೆಂಗಸನ್ನು ಕಟ್ಟಿಕೊಂಡಿದ್ದಳು. ಮಲಯಾಳದ ಸಿಸ್ಟರಮ್ಮ ಬಂದು "ಮೆಲ್ಲೆ, ಮೆಲ್ಲೆ" ಎನ್ನುತ್ತ ಪಾದ ಆಡಿಸುವುದನ್ನು, ತೊಡೆ ಬಿಗಿಹಿಡಿದು ಬಿಡುವುದನ್ನು, ಹೊಟ್ಟೆ ತುಂಬ ಉಸಿರೆಳೆಯುವುದನ್ನು ಕಲಿಸಿಕೊಟ್ಟಾಗ ಇಬ್ಬರೂ ಒಟ್ಟಿಗೆ ಮಾಡಿದರು. ಒಬ್ಬಳ ಉಸಿರು ಇನ್ನೊಬ್ಬಳಿಗೆ ಕೇಳಿಸುತ್ತಿತ್ತು.

ಮೊದಲು ಊರಿಗೆ ಹೊರಟವಳು ನರ್ಮದಮ್ಮ. ಹೂವಮ್ಮನ ಪ್ಲಾಸ್ಟರು ಇನ್ನೂ ಬಿಚ್ಚಿರಲಿಲ್ಲ. "ಬರ್ತೆ ಹೂವಮ್ಮ" ಎಂಬ ದನಿ, ಅವಳನ್ನು ಅಂಗಾತ ಮಲಗಿಸಿಕೊಂಡೇ ಹೋದ ಮಂಚದ ಗಾಲಿಗಳ ಕಿರುಗುಟ್ಟುವ ಸದ್ದು, ಆಮೇಲೆ ಬರಿದಾದ ಪಕ್ಕ. ಅಷ್ಟೇ.

ಏಕೀಕರಣವಾದ ಮರುವರ್ಷದ ಬೇಸಿಗೆಯಲ್ಲಿ ಹೂವಮ್ಮನೂ ತಾಳಗುಂದಕ್ಕೆ ಬಂದಳು. ಬೆನ್ನಿನ ಮೂಳೆ ಚೆನ್ನಾಗಿ ಕೂಡಿದೆ, ಭಾರ ಎತ್ತಬೇಡ, ಸೊಂಟ ಬಗ್ಗಿಸಬೇಡ, ದಿನಾ ನಡೆ, ನೋವು ಇನ್ನೂ ಕೆಲಕಾಲ ಇರುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಊರಿನಲ್ಲಿ ಎಲ್ಲರಿಗೂ ಕೇಳಿಸಿದ್ದು ಮೊದಲಿನ ಮಾತು ಮಾತ್ರ. ಮೂಳೆ ಕೂಡಿದೆ ಅಂದಮೇಲೆ ವಾಸಿಯಾದಂತೆಯೇ. ನಾಟಿಯ ಹೊತ್ತಿಗೆ ಗದ್ದೆಯಲ್ಲಿ ಆಳು ಸಾಲದಾಯಿತು. ಯಾರೂ ಬಾ ಎನ್ನಲಿಲ್ಲ. ಅವಳೇ ಸೀರೆ ಎತ್ತಿಕಟ್ಟಿ ಕೆಸರಿಗಿಳಿದಳು. ಸಸಿಯ ಕಟ್ಟು ಹಿಡಿದು ಬಗ್ಗಲು ಹೋದಾಗ ಬೆನ್ನು ಬಗ್ಗಲೇ ಇಲ್ಲ. ಹಟಹಿಡಿದು ಬಗ್ಗಿದಳು. ಸಂಜೆ ಗಂಡ ಮಂಜಪ್ಪ ಅವಳನ್ನು ಎತ್ತಿಕೊಂಡೇ ಮನೆಗೆ ತರಬೇಕಾಯಿತು.

ಅಲ್ಲಿಂದ ನೋವು ಬಿಡಲಿಲ್ಲ. ಬೆನ್ನಿನ ನಡುವೆ ಯಾರೋ ಕುಳಿತು ಹಗ್ಗ ಹೊಸೆಯುತ್ತಿರುವಂತೆ ಅದು ಸುತ್ತಿ ಸುತ್ತಿ ಬಿಗಿಯಾಗುತ್ತಿತ್ತು. ಗಂಡನ ಜೊತೆ ಶಿವಮೊಗ್ಗೆಗೆ ಹೋಗಿ ಬೆನ್ನಿನ ಎಕ್ಸ್‌ರೇ ಫೋಟೋ ಹಿಡಿಸಿದಳು. ಎಲ್ಲ ಸರಿಯಾಗಿದೆ ಎಂದರು. ಅತ್ತೆ ದುರ್ಗಮ್ಮ ಕೆಟ್ಟವಳಲ್ಲ; ಆದರೆ ಕಣ್ಣಿಗೆ ಕಾಣದ ನೋವನ್ನು ನಂಬುವುದು ಅವಳಿಗೆ ಆಗದು.

"ಗಾಯ ಮಾಯ್ದೈತಿ. ಮೂಳಿ ಕೂಡೈತಿ. ಇನ್ನೆಲ್ಲಿಂದ ಬಂತವ್ವ ನೋವು?" ಎಂದು ಅವಳು ಕೇಳಿದರೆ ಹೂವಮ್ಮ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ಕಣ್ಣು ಮುಚ್ಚಿದರೆ ಪಕ್ಕದ ಮಂಚದ ದನಿಯೇ ನೆನಪಾಗುತ್ತಿತ್ತು. ಈ ನೋವಿನ ರುಚಿ ಬಲ್ಲವರು ಈ ಸೀಮೆಯಲ್ಲಿ ಇನ್ನೊಬ್ಬರೇ ಇರುವುದು.

ದೀಪಾವಳಿ ಕಳೆದ ಮೇಲೆ ಅವಳು ಗಂಡನಿಗೆ ಹೇಳಿದಳು, "ಸೊರಬಕ್ಕ ಹೋಗಿ ಬರ್ತೀನಿ. ಅಕ್ಕನ ಮನ್ಯಾಗ ನಾಕು ದಿನ ಇರ್ತೀನಿ." ಅವಳ ಅಕ್ಕ ಮಾಳಮ್ಮನನ್ನು ಸೊರಬಕ್ಕೇ ಕೊಟ್ಟಿತ್ತು. ಮಂಜಪ್ಪ ಎದುರಾಡದೆ ಗಾಡಿ ಹೂಡಿದ. ಗಾಡಿಯ ಕುಲುಕಾಟಕ್ಕೆ ಬೆನ್ನು ಒಪ್ಪದೆ ಅವಳು ಅರ್ಧದಾರಿ ಗಾಡಿಯ ಹಿಂದೆಯೇ ನಡೆದಳು. ಮುಂಜಾನೆಯ ಮಂಜಿನಲ್ಲಿ ಎತ್ತುಗಳು ಕಾಣುತ್ತಿರಲಿಲ್ಲ, ಗೆಜ್ಜೆಯ ಸದ್ದು ಮಾತ್ರ. ಎರಡೂ ಕಡೆ ಬಾಗಿದ ಭತ್ತದ ತೆನೆ. ನಡೆಯುವಾಗ ಹಗ್ಗ ಹೊಸೆಯುವವನ ಕೈ ಸಡಿಲಾಗುತ್ತದೆ ಎಂಬುದು ಅವಳಿಗೆ ಅರಿವಾಯಿತು. ಆದರೆ ಶಿರಾಳಕೊಪ್ಪದಲ್ಲಿ ಬಸ್ಸು ಹತ್ತುವ ಗಡಿಬಿಡಿಯಲ್ಲಿ ಅದನ್ನು ಮರೆತಳು.

ಮರುದಿನ ಮಧ್ಯಾಹ್ನ ಮಾಳಮ್ಮ ವಕೀಲರ ಮನೆ ತೋರಿಸಿ ಹೋದಳು. ಜಗುಲಿಯಲ್ಲಿ ನರ್ಮದಮ್ಮನ ಅತ್ತೆ ಮೂಕಾಂಬಿಕಾ ಹೂಬತ್ತಿ ಹೊಸೆಯುತ್ತ ಕುಳಿತಿದ್ದರು.

"ಆಸ್ಪತ್ರ್ಯಾಗ ಅಮ್ಮಾರ ಪಕ್ಕದಾಗ ಇದ್ದೆ ರೀ" ಎಂದಳು ಹೂವಮ್ಮ.

ಮೂಕಾಂಬಿಕಾ ಅವಳನ್ನು ಮೇಲಿಂದ ಕೆಳಗೆ ನೋಡಿದರು. ನೋಟದಲ್ಲಿ ಕರುಣೆಯಿತ್ತು, ಆದರೆ ಒಳಗೆ ಬಾ ಎಂಬ ಮಾತು ಬಾಯಿಗೆ ಬರಲಿಲ್ಲ. "ಅವಳು ಎದ್ದು ಬರೂದಿಲ್ಲ ತಂಗಿ. ಬಂದಾಗಿಂದ ಮಲಗೇ ಇದ್ದಾಳೆ. ಎದ್ರೆ ಮೂಳೆ ಬಿಟ್ಟುಹೋಗ್ತದೆ ಅಂತ ಹೆದರಿಕೆ. ನೀನು ಇಲ್ಲೇ ಕೂತ್ಕೋ, ನಾನು ಹೇಳ್ತೆ."

ಹೇಳಬೇಕಾಗಲಿಲ್ಲ. ನಡುಮನೆಯ ಕತ್ತಲಿನ ಆಚೆಯಿಂದ ಆ ದನಿಯೇ ಬಂತು. "ಯಾರದು? ಹೂವಮ್ಮನಾ?"

"ಹೌದ್ರೀ, ನಾನೇ."

"ಒಳಗೆ ಬಾರೇ!"

ಹೂವಮ್ಮ ಮೂಕಾಂಬಿಕಾರ ಮುಖ ನೋಡಿದಳು. ಅವರು ಬತ್ತಿಯ ಕಡೆ ನೋಡುತ್ತಿದ್ದರು. "ಇಲ್ಲೇ ಚೊಲೋ ಗಾಳಿ ಐತ್ರೀ. ನೀವೇ ಬರ್ರಿ ಹೊರಗ" ಎಂದಳು.

ಒಳಗೆ ಮಂಚ ಕಿರುಗುಟ್ಟಿತು. ಗೋಡೆಗೆ ಕೈಯೂರುವ ಸಪ್ಪಳ, ಕಾಲೆಳೆಯುವ ಸಪ್ಪಳ, ನಿಂತು ಉಸಿರು ಬಿಡುವ ಸಪ್ಪಳ. ಮೂಕಾಂಬಿಕಾರ ಕೈಯಲ್ಲಿ ಬತ್ತಿ ಅರ್ಧಕ್ಕೇ ನಿಂತಿತು. ಬಾಗಿಲ ಚೌಕಟ್ಟು ಹಿಡಿದು, ಮೂಗಿನ ಮೇಲೆ ಜಾರಿದ ಕನ್ನಡಕದೊಳಗಿಂದ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತವಳು ಕುಳ್ಳಗೆ, ಹಕ್ಕಿಯ ಹಾಗೆ ಸಣ್ಣಗಿನ ಒಬ್ಬ ಹೆಂಗಸು.

ಇಬ್ಬರೂ ಬೆಪ್ಪಾಗಿ ನೋಡಿದರು.

"ನೀನು ಇಷ್ಟು ಉದ್ದ ಇದ್ಯೇನೇ!" ಎಂದಳು ನರ್ಮದಮ್ಮ.

"ನೀವು ಇಷ್ಟೇ ಅದೀರೇನ್ರಿ!" ಎಂದಳು ಹೂವಮ್ಮ.

ನಗು ಬಂತು. ನಗುವಿಗೆ ಇಬ್ಬರ ಬೆನ್ನೂ ಚಳಕ್ಕೆಂದಿತು. ಒಟ್ಟಿಗೇ "ಹಾ" ಎಂದು ಸೊಂಟ ಹಿಡಿದುಕೊಂಡರು. ಅದಕ್ಕೆ ಮತ್ತೂ ನಗು.

ಆದರೆ ನಗು ಮುಗಿದ ಮೇಲೆ ಮಾತು ಹೊರಡಲಿಲ್ಲ. ಎದುರುಬದುರು ಕುಳಿತರೆ ಅಪರಿಚಿತರ ಹಾಗೆ ನಾಚಿಕೆ. ಒಬ್ಬಳು ಸೀರೆಯ ಸೆರಗು ಸರಿಮಾಡಿಕೊಂಡಳು, ಇನ್ನೊಬ್ಬಳು ಅಂಗಳ ನೋಡಿದಳು. ಕೊನೆಗೆ ನರ್ಮದಮ್ಮನೇ, "ಅತ್ತೇ, ಎರಡು ಚಾಪೆ ಕೊಡಿ" ಎಂದಳು.

ಜಗುಲಿಯ ಮೇಲೆ ಇಬ್ಬರೂ ಅಂಗಾತ ಮಲಗಿದರು. ಮೇಲೆ ಹೊಗೆ ಹಿಡಿದ ಜಂತಿ, ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನ ಕೋಲು, ಅದರೊಳಗೆ ಅತ್ತಿತ್ತ ತೇಲುವ ಧೂಳು. ಮುಖ ಮರೆಯಾಯಿತು, ದನಿ ಮರಳಿತು. ಹೂವಮ್ಮ ಹಗ್ಗ ಹೊಸೆಯುವವನ ವಿಷಯ ಹೇಳಿದಳು. ಯಾರಿಗೂ ಹೇಳದಿದ್ದುದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯ.

"ನಂಗೆ ಹಗ್ಗ ಅಲ್ಲ" ಎಂದಳು ನರ್ಮದಮ್ಮ. "ನಂಗೆ ತಣ್ಣಗೆ ಕಲ್ಲು ಇಟ್ಟ ಹಾಗೆ. ಮಲಗಿದಷ್ಟೂ ಕಲ್ಲು ದೊಡ್ಡದಾಗ್ತದೆ."

"ನಾನು ದುಡಿದು ಕೆಡಿಸ್ಕೊಂಡೆ, ನೀವು ಮಲಗಿ ಕೆಡಿಸ್ಕೊಂಡ್ರಿ ನೋಡ್ರಿ."

"ಹಾಗೇ ಇರಬೇಕು ಮಾರಾಯ್ತಿ. ಸಿಸ್ಟರಮ್ಮ ಹೇಳಿಕೊಟ್ಟದ್ದು ನೀನು ಮಾಡ್ತಾ ಇದ್ಯಾ?"

"ಒಬ್ಬಾಕಿಗೇ ಮನಸ್ಸು ಬರ್ಲಿಲ್ರೀ."

"ನಂಗೂ."

ಇಬ್ಬರೂ ಪಾದ ಆಡಿಸಲು ಶುರುಮಾಡಿದರು. ಹೊಟ್ಟೆಯೊಳಕ್ಕೆ ಉಸಿರು ಎಳೆದರು, ಬಿಟ್ಟರು. ಒಂದು ಮೊಣಕಾಲು ಮಡಿಸಿದರು, ಚಾಚಿದರು, ಇನ್ನೊಂದು. ಮೂಕಾಂಬಿಕಾ ಸೊಸೆಯ ಪಾದವನ್ನೇ ನೋಡುತ್ತ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋಗಿ ಇಬ್ಬರಿಗೂ ಮಜ್ಜಿಗೆ ತಂದಿಟ್ಟರು.

ನಾಲ್ಕು ದಿನಕ್ಕೆಂದು ಬಂದ ಹೂವಮ್ಮ ಅಕ್ಕನ ಮನೆಯಲ್ಲೇ ಉಳಿದಳು. ದಿನಾ ಮಧ್ಯಾಹ್ನ ಜಗುಲಿ, ಬಿಸಿಲು ಇಳಿದ ಮೇಲೆ ನಡಿಗೆ. ಮೊದಲು ಅಂಗಳದ ತುದಿಯವರೆಗೆ, ಆಮೇಲೆ ಬೇಲಿಯವರೆಗೆ, ಆಮೇಲೆ ಬೀದಿಯ ತಿರುವಿನವರೆಗೆ. ನರ್ಮದಮ್ಮ ಅವಳ ತೋಳು ಹಿಡಿದು ನಡೆಯುತ್ತಿದ್ದಳು. ಸೊರಬದ ಸಂಜೆ ಮೆಲ್ಲಗೆ ಅವರ ಸುತ್ತ ಇಳಿಯುತ್ತಿತ್ತು. ಗಂಧದ ಕೆತ್ತನೆಯವರ ಮನೆಯ ಮುಂದೆ ಹಾದರೆ ಒಳಗಿಂದ ಉಳಿಯ ಸಣ್ಣ ಸದ್ದು, ಪರಿಮಳ. ಇಷ್ಟು ನಿಧಾನ ನಡೆದವರಿಗೆ ಆ ಪರಿಮಳ ಬೀದಿಯುದ್ದಕ್ಕೂ ಜೊತೆ ಬರುತ್ತಿತ್ತು.

ಒಂದು ಸಂಜೆ ಇಬ್ಬರಿಗೂ ಹುರುಪು ಹೆಚ್ಚಾಯಿತು. ದಂಡಾವತಿ ಹೊಳೆಯವರೆಗೆ ಹೋಗಿಬಿಡೋಣ ಎಂದು ನರ್ಮದಮ್ಮ ಅಂದಳು. ಬೇಡವೆನ್ನಲು ಹೂವಮ್ಮನಿಗೂ ಮನಸ್ಸಿರಲಿಲ್ಲ. ಹೊಳೆಯ ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಸುಮ್ಮನಿತ್ತು. ಆಚೆ ದಡದ ಮರಗಳು ನೀರಿನಲ್ಲಿ ತಲೆಕೆಳಗಾಗಿ ಮಲಗಿದ್ದವು. ದಡದಲ್ಲಿ ನಿಂತಷ್ಟು ಹೊತ್ತು ಅವರಿಗೆ ಬೆನ್ನೇ ನೆನಪಾಗಲಿಲ್ಲ.

ಹಿಂದಿರುಗುವಾಗ ನೆನಪಾಯಿತು. ಅರ್ಧದಾರಿಯಲ್ಲಿ ನರ್ಮದಮ್ಮ ಒಂದು ಕಟ್ಟೆಯ ಮೇಲೆ ಕುಸಿದಳು. "ಬಿಟ್ಟುಹೋಯ್ತು ಹೂವಮ್ಮ, ಮೂಳೆ ಬಿಟ್ಟುಹೋಯ್ತು" ಎಂದು ಅತ್ತಳು. ಹೂವಮ್ಮನಿಗೂ ಕಣ್ಣು ಕತ್ತಲಿಡುವ ನೋವು. ಆದರೂ ನಿಂತೇ ಇದ್ದು, ದಾರಿಹೋಕರ ಕೈಯಲ್ಲಿ ವಕೀಲರಿಗೆ ಹೇಳಿಕಳಿಸಿದಳು. ಹರಿಹರ ಗಾಡಿ ತಂದ, ಡಾಕ್ಟರನ್ನೂ ಕರೆತಂದ. ವಯಸ್ಸಾದ ಆ ಡಾಕ್ಟರು ಬೆನ್ನು ಒತ್ತಿ ನೋಡಿದರು, ಕಾಲು ಎತ್ತಿಸಿ ನೋಡಿದರು, ಬೆರಳು ಆಡಿಸಿ ಎಂದರು.

"ಮೂಳೆಗೇನೂ ಆಗಿಲ್ಲ ತಾಯಿ. ಎಷ್ಟೋ ಕಾಲ ಸುಮ್ಮನಿದ್ದ ಮಾಂಸ ಇವತ್ತು ಸುಸ್ತಾಗಿದೆ. ಬಿಸಿನೀರಿನ ಶಾಖ ಕೊಡಿ. ನಾಳೆ ಸುಧಾರಿಸಿಕೊಳ್ಳಿ. ನಾಡಿದ್ದು ಮತ್ತೆ ನಡೀರಿ, ಇಷ್ಟು ದೂರ ಅಲ್ಲ."

"ನೋವು ಬಂದ್ರೆ?"

"ಬರ್ತದೆ, ಹೋಗ್ತದೆ. ಕಾಲಲ್ಲಿ ಶಕ್ತಿ ಕಡಿಮೆ ಆದ್ರೆ, ಜ್ವರ ಬಂದ್ರೆ ನನಗೆ ಹೇಳಿಕಳಿಸಿ. ಬರೀ ನೋವಿಗೆ ಹೆದರಿ ಮಲಗಬೇಡಿ."

ಮರುದಿನ ಹೂವಮ್ಮ ಅಕ್ಕನ ಮನೆಯಲ್ಲೇ ಮಲಗಿದ್ದಳು. ಅರೆನಿದ್ದೆಯಲ್ಲಿ ಅವಳಿಗೆ ಹೊಳೆ ಕಂಡಿತು. ಬೆನ್ನಿನ ಹಗ್ಗ ಒಂದೊಂದೇ ಎಳೆ ಬಿಚ್ಚಿ ನೀರಿನ ಮೇಲೆ ತೇಲಿಹೋಗುತ್ತಿತ್ತು. ಎಚ್ಚರವಾದಾಗ ನೋವು ಇತ್ತು, ಆದರೆ ಅದರ ಹೆದರಿಕೆ ಅಷ್ಟಾಗಿ ಇರಲಿಲ್ಲ. ಮೂರನೆಯ ದಿನ ಅವಳು ಹೋದಾಗ ನರ್ಮದಮ್ಮ ಜಗುಲಿಯಲ್ಲಿ ಗೋಡೆಗೊರಗಿ ನಿಂತಿದ್ದಳು. ಮೂಕಾಂಬಿಕಾ, "ಬೆಳಗ್ಗಿಂದ ಮೂರು ಸಲ ಅಂಗಳ ಸುತ್ತಿದಾಳೆ. ನೀನು ಹೇಳು, ಜಾಸ್ತಿ ಆಯ್ತೋ?" ಎಂದು ಕೇಳಿದರು. ಹಾಗೆ ಕೇಳುತ್ತ ಹೂವಮ್ಮನ ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡರು. ಒಳಗೆ ನಡುಮನೆಯಲ್ಲಿ ಅವಳಿಗೂ ಮಣೆ ಹಾಕಿತ್ತು.

ಸುಗ್ಗಿಗೆ ಮುಂಚೆ ಹೂವಮ್ಮ ತಾಳಗುಂದಕ್ಕೆ ಹಿಂದಿರುಗಿದಳು. ಗದ್ದೆಗೆ ಇಳಿಯಲಿಲ್ಲ. "ಬಗ್ಗೋ ಕೆಲಸ ನನ್ನಿಂದ ಆಗಾಕಿಲ್ಲ. ನಿಂತು ಮಾಡೋದು ಎಲ್ಲಾ ಮಾಡ್ತೀನಿ" ಎಂದು ಗಂಡನಿಗೆ ನೇರವಾಗಿಯೇ ಹೇಳಿದಳು. ಮಂಜಪ್ಪ ಒಲೆಯನ್ನು ನಿಂತು ಅಡಿಗೆ ಮಾಡುವ ಎತ್ತರಕ್ಕೆ ಕಟ್ಟಿಕೊಟ್ಟ. ಕಣದಲ್ಲಿ ಅವಳು ನಿಂತು ಭತ್ತ ತೂರಿದಳು. ಸಾಕೆನಿಸಿದಾಗ ಯಾರನ್ನೂ ಕೇಳದೆ ಬಣವೆಯ ನೆರಳಲ್ಲಿ ಅಂಗಾತ ಮಲಗಿ ಮೊಣಕಾಲು ಮಡಿಸಿ ಚಾಚಿದಳು. ನೋಡಿದವರು ಮೊದಮೊದಲು ನಕ್ಕರು. ನೋವು ಪೂರ್ತಿ ಹೋಗಲಿಲ್ಲ. ಮೋಡ ಕವಿದ ದಿನ, ಬಟ್ಟೆ ಒಗೆದ ದಿನ ಅದು ಹಾಜರಾಗುತ್ತಿತ್ತು. ಮನೆಗೆ ಬಂದ ದೂರದ ನೆಂಟನ ಹಾಗೆ ಕೆಲಹೊತ್ತು ಕುಳಿತು, ಮಾತಿಲ್ಲದೆ ಎದ್ದುಹೋಗುತ್ತಿತ್ತು. ಸೊರಬದಲ್ಲಿ ನರ್ಮದಮ್ಮ ಈಗ ಗಂಡನ ಜೊತೆ ದಿನಾ ಸಂಜೆ ನಡೆಯುತ್ತಾಳೆಂದು ಮಾಳಮ್ಮ ಬಂದಾಗ ಹೇಳಿದಳು.

ಚಳಿ ಇನ್ನೂ ಇದ್ದ ಒಂದು ಬೆಳಗ್ಗೆ ಹೂವಮ್ಮ ಕೆರೆ ಏರಿಯ ಮೇಲೆ ನಡೆಯಲು ಹೊರಟಾಗ ದುರ್ಗಮ್ಮ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದಳು.

"ನಂದೂ ಸೊಂಟ ಹಿಡ್ಕಂಡೈತಿ" ಎಂದಳು, ಬೇರೆಲ್ಲೋ ನೋಡುತ್ತ. "ನಡದ್ರ ಹಗುರಾಕೈತೇನು?"

"ಬರ್ರಿ ಅತ್ತಿ, ನೋಡಾನ."

ಕೆರೆಯ ಮೇಲೆ ಮಂಜು ಹಬ್ಬಿತ್ತು. ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ಶುರುವಾಗಿದೆಯೋ ಕಾಣುತ್ತಿರಲಿಲ್ಲ. ಅತ್ತೆ ಸೊಸೆ ಒಬ್ಬರ ಹೆಜ್ಜೆಗೆ ಇನ್ನೊಬ್ಬರು ಹೆಜ್ಜೆ ಹೊಂದಿಸುತ್ತ ನಡೆದರು. ಏರಿಯ ನಡುವಿಗೆ ಬಂದಾಗ ಹೂವಮ್ಮ ನಿಂತಳು.

"ಯಾಕ? ಇನ್ನೊಂದೀಟು ಹೋಗಾನ ಬಾ" ಎಂದಳು ದುರ್ಗಮ್ಮ.

"ಇವತ್ತಿಗೆ ಸಾಕು ಅತ್ತಿ" ಎಂದಳು ಹೂವಮ್ಮ. "ನಾಳಿಗೂ ನಡೀಬೇಕಲ್ಲ."