ಅಕ್ಕಿಮೂಟೆಗಳ ಕೋಣೆ

ಖುನ್‌ತೆಕ್ ಏಳು ವಾರ ಕೆಮ್ಮಿದ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ನನ್ನ ಪಕ್ಕದ ಮಂಚದಲ್ಲೇ ಯಂತ್ರಕ್ಕೆ ಹಾಕಿ ಅವನ ರಕ್ತ ತೊಳೆಯುತ್ತಿದ್ದರು. ಇಬ್ಬರದೂ ಕಿಡ್ನಿ ಕೆಟ್ಟು ವರ್ಷಗಳಾಗಿವೆ. ಅವನು ಸಿಂಪಿ ಬೆಳೆಸಲು ಕಡಲಲ್ಲಿ ಬಿದಿರು ನೆಡುತ್ತಿದ್ದವನು. ನಾನು ಸಿಂಪಿ ಒಡೆಯುವವಳು.

ಕ್ಲಿನಿಕ್ಕಿಗೆ ಬಂದ ಕೂಡಲೇ ನಾವು ತೂಕದ ಯಂತ್ರ ಹತ್ತಬೇಕು. ಉಚ್ಚೆ ಬಾರದ ಮೈಯಲ್ಲಿ ಕುಡಿದದ್ದೆಲ್ಲ ನಿಲ್ಲುತ್ತದೆ. ಅಲ್ಲಿ ಕೆಮ್ಮಿದರೆ ಒಂದೇ ಅರ್ಥ: ಕದ್ದು ನೀರು ಕುಡಿದಿದ್ದಾನೆ, ಎದೆಗೆ ಏರಿದೆ.

“ಎಷ್ಟು ಬಿಯರ್ ಹಾಕ್ದೆ ಅಣ್ಣ?” ಎಂದಳು ನರ್ಸ್ ಸ್ಯೂಹುಯಿ.

“ಅರ್ಧ ಬಟ್ಲು ಗಂಜಿ ಕಣಮ್ಮ. ಅದೂ ಗಟ್ಟಿ.”

“ಸಮುದ್ರಾನೇ ಕುಡ್ದು ಬಂದವ್ನೆ, ಸಿಂಪಿ ಸಮೇತ,” ಎಂದೆ ನಾನು. ಎಲ್ಲರೂ ನಕ್ಕರು. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಕ್ಲಿನಿಕ್ಕಿನ ಒಡೆಯ ಡಾಕ್ಟರ್ ಲಿಯಾವ್ ಅವನ ಮೈಯಿಂದ ಇನ್ನರ್ಧ ಕಿಲೋ ನೀರು ತೆಗೆಸಿದ. ಮುಂದಿನ ವಾರ ಮತ್ತರ್ಧ. ಕಾಲು ಸೆಟೆದು ಖುನ್‌ತೆಕ್ ಅಳುತ್ತಿದ್ದ. ಕರಗುತ್ತಿದ್ದದ್ದು ನೀರಲ್ಲ, ಮಾಂಸ. ಸಂಜೆಯಾದರೆ ಜ್ವರ. ದೊಡ್ಡಾಸ್ಪತ್ರೆಗೆ ಚೀಟಿ ಕೇಳಿದರೆ ಲಿಯಾವ್‌ಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ರೋಗಿ ಮಲಗಿದ ಒಂದೊಂದು ಮಂಚಕ್ಕೂ ಸರ್ಕಾರದ ವಿಮೆ ಅವನಿಗೆ ದುಡ್ಡು ಕೊಡುತ್ತದೆ. ಹೋದ ರೋಗಿ ವಾಪಸು ಬರದಿದ್ದರೆ? ನಮ್ಮನ್ನು ಬೇರೆಯವರು ಸೆಳೆಯದಿರಲಿ ಎಂದೇ ಅವನು ತಿಂಗಳು ತಿಂಗಳು ಅಕ್ಕಿ ಹಂಚುತ್ತಿದ್ದ. ನಾವೂ ಹಲ್ಲುಗಿಂಜಿ ತಗೊಳ್ಳುತ್ತಿದ್ದೆವು.

ಕೊನೆಗೆ ಖುನ್‌ತೆಕ್ ರಕ್ತ ಕೆಮ್ಮಿ ತಾನೇ ಆಸ್ಪತ್ರೆಗೆ ಹೋದ. ಕ್ಷಯ.

ಆರೋಗ್ಯ ಇಲಾಖೆಯವರು ಬಂದು ನಮ್ಮೆಲ್ಲರ ರಕ್ತ ತಗೊಂಡರು. ಆರು ಜನರ ಮೈಯಲ್ಲಿ ಆ ರೋಗಾಣು ಮಲಗಿತ್ತು. ಆರರಲ್ಲಿ ನಾನೂ ಒಬ್ಬಳು. “ಕಿಡ್ನಿ ಸತ್ತ ಮೈಯಲ್ಲಿ ಅದು ಬೇಗ ಏಳುತ್ತೆ, ಮಾತ್ರೆ ಬಿಡ್ಬೇಡಿ,” ಎಂದರು.

ಮೂರು ವಾರ ಕಳೆದ ಮೇಲೆ, ಒಂದು ಸೋಮವಾರ, ಖುನ್‌ತೆಕ್ ಗಾಜಿನ ಬಾಗಿಲಾಚೆ ಬಂದು ನಿಂತ. ಮೂಗಿಗೆ ಮಾಸ್ಕು, ಕೈಯಲ್ಲಿ ಆಸ್ಪತ್ರೆಯ ಕಾಗದ. ಈಗ ಹರಡುವುದಿಲ್ಲ, ಆದರೂ ಕೆಲವು ವಾರ ಪ್ರತ್ಯೇಕ ಕೋಣೆಯಲ್ಲಿ ರಕ್ತ ತೊಳೆಯಿರಿ ಎಂದು ಬರೆದಿತ್ತು. ಬೇರೆ ಮೂರು ಕ್ಲಿನಿಕ್ಕು ಅವನನ್ನು ಓಡಿಸಿದ್ದವು. ಹಿಂದಿನ ಸಲ ತೊಳೆಸಿದ್ದು ಶುಕ್ರವಾರ, ಆಸ್ಪತ್ರೆ ಬಿಡುವ ಮುಂಚೆ. ಮುಖ ಆಗಲೇ ಊದಿತ್ತು. ಇನ್ನೆರಡು ದಿನ ತಪ್ಪಿದರೆ ಹೆಣ.

“ಕೋಣೆ ಇಲ್ಲ,” ಎಂದ ಲಿಯಾವ್. ನಮ್ಮ ಕಡೆ ತಿರುಗಿದ. “ನಿಮ್ ಒಳ್ಳೇದಕ್ಕೇ ಹೇಳ್ತಿರೋದು. ಅವ್ನು ಒಳಗ್ ಬಂದ್ರೆ ನಿಮಗೂ ಅಂಟುತ್ತೆ.”

“ಅಂಟಿ ಆಯ್ತಲ್ಲ ಡಾಕ್ಟ್ರೇ,” ಎಂದೆ. “ಏಳು ವಾರ ನೀವು ನೀರು ಹಿಂಡ್ತಾ ಕೂತಿದ್ರಲ್ಲ, ಆವಾಗ್ಲೇ.”

“ಸುಮ್ನಿರಮ್ಮ.”

“ಆ ಮೂಲೇಲಿರೋದು ಏನು?”

ಮೂಲೆಯ ಬಾಗಿಲ ಮೇಲೆ ‘ಪ್ರತ್ಯೇಕ ಕೋಣೆ’ ಎಂದು ಬರೆದಿತ್ತು. ತನಿಖೆಯವರು ಬರುವ ಹಿಂದಿನ ದಿನ ಅದನ್ನು ಖಾಲಿ ಮಾಡುತ್ತಿದ್ದರು. ಉಳಿದ ದಿನವೆಲ್ಲ ಅದರ ತುಂಬ ಅಕ್ಕಿ. ನಮಗೆ ಹಂಚುವ ಅಕ್ಕಿ. ನಮಗೆಲ್ಲ ಗೊತ್ತಿತ್ತು.

ನಮಗಿನ್ನೂ ಸೂಜಿ ಚುಚ್ಚಿರಲಿಲ್ಲ. ನಾನು ಹೋಗಿ ಬಾಗಿಲು ತೆಗೆದೆ. ಮೂವತ್ತು ಕಿಲೋ ಮೂಟೆಗಳು ಸೂರಿನವರೆಗೆ. ಸೂಜಿ ಚುಚ್ಚುವ ತೋಳಿನಲ್ಲಿ ನಾವು ಭಾರ ಎತ್ತುವಂತಿಲ್ಲ, ನರ ಒಡೆದೀತು. ನನಗಿದ್ದದ್ದು ಒಂದೇ ಕೈ. ಮೂಟೆ ಜಗ್ಗಲಿಲ್ಲ.

ಎದುರು ಮಂಚದ ರೋಗಿ, ಎಪ್ಪತ್ತಾರರ ಮುದುಕಿ ಗೋಕ್‌ಲಾನ್ ಮೆಲ್ಲಗೆ ಬಂದು ಆ ತುದಿ ಹಿಡಿದಳು. “ಎತ್ತೇ. ಒಂದೊಂದ್ ಕೈ ಸೇರಿದ್ರೆ ಎರಡಾಗಲ್ವಾ?”

ಆಮೇಲೆ ಉಳಿದವರೂ ಎದ್ದರು. ಇಬ್ಬರಿಗೆ ಒಂದು ಮೂಟೆ. ಲಿಯಾವ್ ಪೊಲೀಸರನ್ನು ಕರೆಯುತ್ತೇನೆಂದ. “ತನಿಖೆಯವ್ರನ್ನೂ ಕರೀರಿ,” ಎಂದಳು ಗೋಕ್‌ಲಾನ್. ಅವನು ಫೋನು ಮುಟ್ಟಲಿಲ್ಲ. ಮೂಟೆಗಳನ್ನೆಲ್ಲ ಲಿಯಾವ್‌ನ ಕೋಣೆಯ ಬಾಗಿಲಿಗೆ ಅಡ್ಡ ಒಟ್ಟಿದೆವು.

ಮೂಟೆಗಳಿದ್ದ ಜಾಗದ ಹಿಂದೆ ಒಂದು ಮಂಚ, ಒಂದು ರಕ್ತ ತೊಳೆಯುವ ಯಂತ್ರ ಸಿಕ್ಕವು. ಯಂತ್ರದ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ.

ಸ್ಯೂಹುಯಿ ಲಿಯಾವ್‌ನ ಮುಖ ನೋಡಿದಳು, ನಮ್ಮ ಮುಖ ನೋಡಿದಳು. ಹೊದಿಕೆ ಹರಿದಳು. ಹೋಗಿ ಗಾಜಿನ ಬಾಗಿಲು ತೆರೆದಳು. ಈ ಸಲ ಏನು ಕುಡಿದೆ ಎಂದು ಕೇಳಲಿಲ್ಲ.

“ಬಾ ಅಣ್ಣ,” ಎಂದಳು. “ತೂಕ ಹತ್ತು.”