ಎರಡು ಹೆಬ್ಬೆರಳಿನ ಗವಸು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ತುದಿಯಿಂದಲೋ, ಬುಡದಿಂದಲೋ? ಕೈ ಡಾಕ್ಟರುಗಳು ಜೋಡಿ ಹೆಬ್ಬೆರಳನ್ನು ತುದಿಯಿಂದ ನೋಡುತ್ತ ಬರುತ್ತಾರಂತೆ. ಎಷ್ಟು ಕೆಳಗಿನ ಮೂಳೆಯವರೆಗೆ ಕವಲೊಡೆದಿದೆಯೋ ಅದರ ಮೇಲೆ ಅದರ ವರ್ಗ. ನನ್ನ ಕಥೆಯಾದರೆ ಮೊದಲ ವಾಕ್ಯದಲ್ಲೇ ಕವಲೊಡೆದು ಕೂತಿದೆ.

೨ (ಮೊದಲ ಡ್ರಾಫ್ಟ್, ಈಗ ಕಸದ ಬುಟ್ಟಿಯಲ್ಲಿ)
"ಹೆಚ್ಚುವರಿ ಬೆರಳೆಂಬ ದೋಷ ಹೊತ್ತು ಆ ಕಂದ ಹುಟ್ಟಿತು" ಎಂದು ಬರೆದೆ. ನನಗೇ ಕಣ್ಣು ತುಂಬಿತು. ಮಗುವಿನ ತಾಯಿಗೆ ಓದಿ ಹೇಳಿದೆ. ಅವಳ ಕಣ್ಣು ತುಂಬಲಿಲ್ಲ, ಕೆಂಪಾಯಿತು.

"ದೋಷ ಅಂದ್ರಾ?"

"ಕಥೆಗೆ ಸ್ವಲ್ಪ ಕರುಣೆ ಬೇಕಲ್ಲಮ್ಮ."

"ಬೇಕಿದ್ರೆ ನಿಮ್ಮ ಬೆರಳಿಗೇ ಹಾಕ್ಕೊಳ್ಳಿ ಸಾರ್."

ಪಾತ್ರಗಳಿಗೆ ಸಲಿಗೆ ಕೊಟ್ಟವನು ನಾನೇ. ಈಗ ಅನುಭವಿಸುತ್ತಿದ್ದೇನೆ.

೩
ಅವಳು ಕೈಗವಸಿನ ಕಾರ್ಖಾನೆಯಲ್ಲಿ ಹೊಲಿಗೆಯವಳು. ಅಂಗೈ ಹೊಲಿಯುವವರು ಬೇರೆ, ನಾಲ್ಕು ಬೆರಳಿನವರು ಬೇರೆ. ಇವಳ ಮಿಷನ್ನಿಗೆ ಬರುವುದು ಹೆಬ್ಬೆರಳು ಮಾತ್ರ. (ಓದುಗರೇ, ಬೇಕೆಂದೇ ಹೀಗೆ ಕಟ್ಟಿದ್ದಾನೆ ಅಂತ ಮೂಗು ಮುರಿಯಬೇಡಿ. ಬೇಕೆಂದೇ ಕಟ್ಟಿದ್ದು.) ಪ್ರತಿ ಗವಸಿನೊಳಗೂ ಹೊಲಿದವರ ನಂಬರಿನ ಚೀಟಿ ಇರುತ್ತದೆ. ಹೊಲಿಗೆ ಕೆಟ್ಟರೆ ಗವಸು ಆ ನಂಬರನ್ನು ಹುಡುಕಿಕೊಂಡು ವಾಪಸ್ ಬರುತ್ತದೆ.

ಮೊಮ್ಮಗಳ ಬಲಗೈ ನೋಡಿದ ದಿನ ಅತ್ತೆ ಅಂದಿದ್ದರು, "ಬಸುರೀಲಿ ಬರೀ ಹೆಬ್ಬೆರಳೇ ಹೊಲಿದ್ಯಲ್ಲ, ಇನ್ನೇನಾಗುತ್ತೆ."

ತಮಾಷೆಗೆ ಅಂದದ್ದು. ಅತ್ತೆ ನಕ್ಕು ಮರೆತರು. ಸೊಸೆ ನಗಲೂ ಇಲ್ಲ, ಮರೆಯಲೂ ಇಲ್ಲ.

೪
ಡಾಕ್ಟರ ಕೋಣೆ. (ಕಿಟಕಿಯಾಚೆ ಮಳೆ ಸುರಿಸುವ ಪ್ಲಾನ್ ಇತ್ತು. ಕ್ಯಾನ್ಸಲ್.) ಡಾಕ್ಟರಮ್ಮ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು.

"ನೋಡಿ, ಬುಡದ ಮೂಳೆ ಒಂದೇ. ಅದರ ಮೇಲಿನವು ಎರಡೆರಡು. ನಾಲ್ಕನೇ ವರ್ಗ. ನಾವು ಜಾಸ್ತಿ ನೋಡೋದೇ ಇದನ್ನ."

"ಇದ್ರಲ್ಲಿ ಹೆಚ್ಚಿಗೆ ಇರೋದು ಯಾವ್ದು ಮೇಡಂ?"

"ಯಾವುದೂ ಅಲ್ಲ. ಎರಡೂ ಸಣಕಲು. ಸುಮ್ನೆ ಒಂದನ್ನ ಕತ್ತರಿಸಿದ್ರೆ ಇನ್ನೊಂದು ವಾಲುತ್ತೆ. ಹೊರಗಡೇದನ್ನ ತೆಗೆಯುವಾಗ ಅದರ ಕೀಲು ಹಿಡಿದಿರೋ ಪಟ್ಟಿ ಉಳಿಸ್ಕೊಂಡು ಒಳಗಡೇದಕ್ಕೆ ಹೊಲೀತೀವಿ. ಗಟ್ಟಿಯಾದ ಒಂದು ಹೆಬ್ಬೆರಳಾಗುತ್ತೆ."

"ಹೊಲೀತೀರಾ?" ಅವಳ ಮುಖ ಅರಳಿತು, ಕೂಡಲೇ ಬಾಡಿತು. "ಮೇಡಂ, ಇದ್ರ ಮೇಲೆ ನನ್ನ ನಂಬರ್ ಇದ್ಯಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಅವಳು ಚೀಟಿಯ ವಿಷಯ, ಅತ್ತೆಯ ಮಾತು ಎಲ್ಲ ಹೇಳಿದಳು. ಡಾಕ್ಟರು ನಗಲಿಲ್ಲ.

"ಇದನ್ನ ನಾವು ಹುಟ್ಟಿನಿಂದ ಬಂದ ಕೈಯ ವ್ಯತ್ಯಾಸ ಅಂತೀವಿ. ಹೊಟ್ಟೆಯೊಳಗೆ ಕೈ ಮೂಡೋ ಹೊತ್ತಿಗೇ ಕವಲಾಗಿರುತ್ತೆ. ನೀವು ಹೊಲಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ. ಇದರಲ್ಲಿ ಯಾರ ನಂಬರೂ ಇಲ್ಲಮ್ಮ."

ಅವಳು ಅತ್ತುಬಿಟ್ಟಳು. ನಾನೂ ಅತ್ತುಬಿಟ್ಟೆ. (ಈ ಸಲ ಕಥೆಗಾಗಿ ಅಲ್ಲ.)

೫
ಮುಕ್ತಾಯ, ಮೊದಲನೆಯದು: ಹುಡುಗಿ ದೊಡ್ಡವಳಾಗಿ ಪಿಯಾನೋ ನುಡಿಸುತ್ತಾಳೆ. (ಛೆ.) ಎರಡನೆಯದು: ಕೈ ಡಾಕ್ಟರೇ ಆಗುತ್ತಾಳೆ. (ಛೆ ಛೆ.)

"ಆಪರೇಷನ್ನೇ ಇನ್ನೂ ಆಗಿಲ್ಲ, ನಿಮಗ್ಯಾಕೆ ಸಾರ್ ಅವಸರ?" ಮಗುವಿನ ತಾಯಿ ತನ್ನ ಮನೆಯಲ್ಲಿ ಮಿಷನ್ ತುಳಿಯುತ್ತಿದ್ದಾಳೆ. "ಚಳಿಗಾಲ ಕಳೀಲಿ ಅಂದಿದಾರೆ."

ಏನು ಹೊಲಿಯುತ್ತಿದ್ದೀಯಮ್ಮ ಎಂದು ಕೇಳಿದೆ. ಎತ್ತಿ ತೋರಿಸಿದಳು. ಉಣ್ಣೆ ಬಟ್ಟೆಯ ಪುಟ್ಟ ಕೆಂಪು ಗವಸು, ಅದಕ್ಕೆ ಎರಡು ಹೆಬ್ಬೆರಳು. ಒಳಗೆ ಚೀಟಿ, ಚೀಟಿಯಲ್ಲಿ ಅವಳ ನಂಬರ್.

"ಇದು ಮಾತ್ರ ನಾನೇ ಮಾಡಿದ್ದು," ಅಂದಳು.

ಕೊನೆಯ ಸಾಲು ಸಿಕ್ಕಿತೆಂದು ಖುಷಿಯಿಂದ ಪೆನ್ನಿನ ಮುಚ್ಚಳ ಹಾಕಲು ಹೋದೆ. ಅಜ್ಜಿಯ ತೊಡೆಯಿಂದ ಜಾರಿಬಂದ ಮಗು ಪೆನ್ನನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದೆ, ಬಿಡಲೊಲ್ಲದು. ಪೂರ್ಣವಿರಾಮ ಒಂದೇ ಬಾಕಿ. ಕಿತ್ತುಕೊಳ್ಳೋಣವೆಂದರೆ ಅದರ ಅಮ್ಮ ನನ್ನನ್ನೇ ನೋಡುತ್ತಿದ್ದಾಳೆ